‘ಹೋಗಬೇಡ’ ಎನ್ನುವುದಕ್ಕೂ ‘ಹೋದರೆ’ ಎನ್ನುವುದಕ್ಕೂ ನಡುವೆ: ಒಂದು ಫ್ರೆಂಚ್ ಪ್ರೇಮಗೀತೆ ಮತ್ತು ಅದರ ಹಲವು ಭಾಷೆಗಳ ಧ್ವನಿಮುದ್ರಿಕೆಗಳು

ಬೆಲ್ಜಿಯಂನ ಗಾಯಕ ಜಾಕ್ ಬ್ರೆಲ್ ತಾವೇ ಬರೆದು 1959ರಲ್ಲಿ ಹಾಡಿದ ‘ನ ಮ ಕಿತ್ತ ಪಾ’ ಎಂಬ ಫ್ರೆಂಚ್ ಹಾಡಿನ ಹೆಸರನ್ನು ಕನ್ನಡದಲ್ಲಿ ಹೇಳಬೇಕೆಂದರೆ ‘ನನ್ನನ್ನು ಬಿಟ್ಟು ಹೋಗಬೇಡ’ ಎನ್ನಬೇಕು. ಡಚ್, ಜರ್ಮನ್, ಇಟಾಲಿಯನ್, ಇಂಗ್ಲಿಷ್ ಹೀಗೆ ಹಲವು ಭಾಷೆಗಳಲ್ಲಿ ಇದನ್ನು ಮತ್ತೆ ಬರೆದು ಮತ್ತೆ ಮತ್ತೆ ಧ್ವನಿಮುದ್ರಿಸಿದ್ದಾರೆ. ಕಳೆದ ಕೆಲವು ತಿಂಗಳುಗಳಲ್ಲಿ ನಾನು ಬ್ರೆಲ್ ಅವರ ಎರಡು ಫ್ರೆಂಚ್ ಮುದ್ರಿಕೆಗಳನ್ನು, ಅವರೇ ಹಾಡಿದ ಡಚ್ ಮುದ್ರಿಕೆಯನ್ನು, ಜರ್ಮನ್ ಮತ್ತು ಇಟಾಲಿಯನ್ ರೂಪಗಳನ್ನು, ಇಂಗ್ಲಿಷಿನ ಮೂರು ಮುಖ್ಯ ಮುದ್ರಿಕೆಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿದ್ದೇನೆ. ಈ ಹಾಡನ್ನು ಮೊದಲ ಬಾರಿಗೆ ಕೇಳಹೊರಟವರು ಎಲ್ಲಿಂದ ಆರಂಭಿಸಬೇಕು, ಯಾವ ಮುದ್ರಿಕೆಗೆ ಹಣ ಕೊಡುವುದು ಸಾರ್ಥಕ, ಯಾವುದು ಚೆನ್ನಾಗಿ ಕೇಳಿಸಿದರೂ ಬೇರೆಯದೇ ಹಾಡಾಗಿಬಿಟ್ಟಿದೆ ಎಂಬುದನ್ನು ನನಗೆ ಕಂಡಂತೆ ಇಲ್ಲಿ ಬರೆಯುತ್ತಿದ್ದೇನೆ.

ಈ ಹೋಲಿಕೆಯ ಹುಚ್ಚು ಹತ್ತಿದ್ದು ನನ್ನ ತಾಯಿಯ ಒಂದು ಮಾತಿನಿಂದ. ಒಂದು ಸಂಜೆ ಮನೆಯಲ್ಲಿ ಬ್ರೆಲ್ ಅವರ ಮೊದಲ ಮುದ್ರಿಕೆಯನ್ನು ಹಾಕಿದ್ದೆ. ಅವರೆಕಾಯಿ ಸುಲಿಯುತ್ತ ಕುಳಿತಿದ್ದ ಅಮ್ಮನಿಗೆ ಫ್ರೆಂಚಿನ ಒಂದು ಪದವೂ ಗೊತ್ತಿಲ್ಲ. ಆದರೂ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಅವರು ತಲೆಯೆತ್ತಿ, “ಯಾರನ್ನೋ ಬೇಡ್ಕೋತಿದಾನಲ್ಲೋ ಇವನು, ಪಾಪ” ಎಂದರು. ಅದೇ ಮಟ್ಟಿನ ಇಂಗ್ಲಿಷ್ ರೂಪವನ್ನು ಕೇಳಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ಚೆನ್ನಾಗಿದೆ, ಆದರೆ ಇವನು ಬೇಡ್ತಾ ಇಲ್ಲ, ಏನೋ ನೆನಪು ಮಾಡ್ಕೋತಿದಾನೆ” ಎಂದರು. ಇಂಗ್ಲಿಷ್ ಕೂಡ ಅಷ್ಟಾಗಿ ಬಾರದ ಅವರಿಗೆ ಆ ವ್ಯತ್ಯಾಸ ತಿಳಿದದ್ದು ಕಂಠದಿಂದ ಮಾತ್ರ. ನಾನು ಸಾಹಿತ್ಯವನ್ನು ಮುಂದಿಟ್ಟುಕೊಂಡು ನೋಡಿದಾಗ ಅವರು ಹೇಳಿದ್ದು ವ್ಯಾಕರಣದ ಮಟ್ಟದಲ್ಲಿಯೂ ನಿಜವಾಗಿತ್ತು.

ಮೂಲದಿಂದಲೇ ತೊಡಗುತ್ತೇನೆ. 1959ರ ಮುದ್ರಿಕೆ ಫಿಲಿಪ್ಸ್ ಸಂಸ್ಥೆಯ ‘ಲಾ ವಾಲ್ಸ್ ಆ ಮಿಲ್ ತಾಂ’ ಎಂಬ ಆಲ್ಬಮ್‌ನಲ್ಲಿ ಬಂದಿತು. ವಾದ್ಯವೃಂದದ ಸಂಯೋಜನೆ ಫ್ರಾನ್ಸ್ವಾ ರೋಬೇರ್ ಅವರದು. ಇದರಲ್ಲಿ ಪಿಯಾನೊ ಬಹಳ ಕಡಿಮೆ ಮಾತನಾಡುತ್ತದೆ. ಅದರ ಹಿಂದೆ ಮನುಷ್ಯ ಕಂಠವೂ ಅಲ್ಲದ, ಪಿಟೀಲೂ ಅಲ್ಲದ ಒಂದು ನಾದ ಆಗಾಗ ಎದ್ದು ಅಡಗುತ್ತದೆ. ಅದು ಓಂದ್ ಮಾರ್ತನೋ ಎಂಬ ವಿದ್ಯುನ್ಮಾನ ವಾದ್ಯ. ಮೋರೀಸ್ ಮಾರ್ತನೋ ಎಂಬ ಫ್ರೆಂಚ್ ಸಂಗೀತಗಾರ 1928ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದರು. ಸ್ವರದಿಂದ ಸ್ವರಕ್ಕೆ ಕಡಿಯದೆ ಜಾರಬಲ್ಲ ವಾದ್ಯವಾದ್ದರಿಂದ ನಮ್ಮ ಗಮಕದ ಅಭ್ಯಾಸವಿರುವ ಕಿವಿಗೆ ಅದು ಕೂಡಲೇ ಹತ್ತಿರವಾಗುತ್ತದೆ. ಅಗ್ಗದ ಇಯರ್‌ಫೋನಿನಲ್ಲಿ ಇದು ಬರಿಯ ಸಿಳ್ಳೆಯಂತೆ ಕೇಳಿಸಿ ಕಿರಿಕಿರಿಯಾಗಬಹುದು. ಸಾಧಾರಣ ಮಟ್ಟದ ಸ್ಪೀಕರ್ ಇದ್ದರೂ ಸಾಕು, ರಾತ್ರಿ ಮನೆಯ ಸದ್ದೆಲ್ಲ ಅಡಗಿದ ಮೇಲೆ ಕೇಳಿ. ಆಗ ಆ ನಾದ ಕೋಣೆಯ ಇನ್ನೊಂದು ಮೂಲೆಯಲ್ಲಿ ನಿಂತು ಉತ್ತರ ಕೊಡದೆ ಕೇಳಿಸಿಕೊಳ್ಳುತ್ತಿರುವವಳಂತೆ ಭಾಸವಾಗುತ್ತದೆ.

ಹಾಡಿನ ವಿಷಯ ಇಷ್ಟೇ: ಹೊರಟು ನಿಂತವಳನ್ನು ಒಬ್ಬ ಗಂಡಸು ತಡೆಯಲು ಯತ್ನಿಸುತ್ತಿದ್ದಾನೆ. ತಪ್ಪು ತಿಳಿವಳಿಕೆಗಳಲ್ಲಿ ಕಳೆದುಹೋದ ಕಾಲವನ್ನೆಲ್ಲ ಮರೆತುಬಿಡೋಣ ಎಂದು ಅವನು ಮೊದಲು ಹೇಳುತ್ತಾನೆ. ಅದು ಫಲಿಸದೆ ಕಾಣಿಕೆಗಳ ಮಾತೆತ್ತುತ್ತಾನೆ: ಮಳೆಯೇ ಬೀಳದ ನಾಡಿನಿಂದ ಮಳೆಯ ಮುತ್ತುಗಳನ್ನು ತಂದುಕೊಡುತ್ತೇನೆ, ನಾನು ಸತ್ತ ಮೇಲೂ ನೆಲವನ್ನು ಅಗೆದು ನಿನ್ನ ಮೈಯನ್ನು ಚಿನ್ನದಿಂದಲೂ ಬೆಳಕಿನಿಂದಲೂ ಹೊದಿಸುತ್ತೇನೆ, ಪ್ರೀತಿಯೇ ಅರಸನಾಗಿರುವ ರಾಜ್ಯದಲ್ಲಿ ನಿನ್ನನ್ನು ರಾಣಿಯಾಗಿಸುತ್ತೇನೆ. ಆಮೇಲೆ ಕಥೆಗಳು, ಅವಳನ್ನು ಕಾಣಲಾರದೆ ಸತ್ತ ಒಬ್ಬ ಅರಸನ ಕಥೆಯೂ ಅದರಲ್ಲಿ ಸೇರಿದೆ. ಆಮೇಲೆ ನಿದರ್ಶನಗಳು: ಆರಿಹೋಯಿತೆಂದುಕೊಂಡ ಮುದಿ ಜ್ವಾಲಾಮುಖಿಯೂ ಮತ್ತೆ ಬೆಂಕಿ ಕಾರುವುದುಂಟು, ಸುಟ್ಟ ಹೊಲ ಒಳ್ಳೆಯ ವಸಂತಕ್ಕಿಂತಲೂ ಹೆಚ್ಚು ಗೋಧಿ ಬೆಳೆಯುವುದುಂಟು. ಇಷ್ಟೆಲ್ಲ ಹೇಳಿ ಮುಗಿದ ಮೇಲೆ ಅವನ ಬಳಿ ಏನೂ ಉಳಿದಿರುವುದಿಲ್ಲ. ಕೊನೆಯ ಚರಣದಲ್ಲಿ ಅವನು ಅಳುವುದಿಲ್ಲ, ಮಾತಾಡುವುದಿಲ್ಲ, ಮೂಲೆಯಲ್ಲಿ ಅಡಗಿ ನೀನು ನಗುವುದನ್ನು ನೋಡುತ್ತಿರುತ್ತೇನೆ ಎನ್ನುತ್ತಾನೆ. ನಿನ್ನ ನೆರಳಿನ ನೆರಳಾಗಲು ಬಿಡು, ನಿನ್ನ ಕೈಯ ನೆರಳಾಗಲು ಬಿಡು, ನಿನ್ನ ನಾಯಿಯ ನೆರಳಾದರೂ ಆಗಲು ಬಿಡು ಎಂಬಲ್ಲಿಗೆ ಬಂದು ನಿಲ್ಲುತ್ತಾನೆ.

ಮುತ್ತು, ಚಿನ್ನ, ರಾಣಿ, ಬೆಂಕಿ, ಬೆಳೆ ಎಂದು ಏರಿದ್ದು ನಾಯಿಯ ನೆರಳಿಗೆ ಇಳಿಯುವ ಈ ದಾರಿಯೇ ಹಾಡಿನ ಜೀವಾಳ. ಇದನ್ನು ಶುದ್ಧ ಪ್ರೇಮಗೀತೆಯೆಂದು ಮದುವೆ ಮನೆಗಳಲ್ಲಿ ಹಾಡುವವರಿದ್ದಾರೆ. ಬ್ರೆಲ್ ಮಾತ್ರ ಇದು ಪ್ರೇಮದ ಹಾಡಲ್ಲ, ಗಂಡಸರ ಹೇಡಿತನದ ಸ್ತೋತ್ರ ಎಂಬರ್ಥದ ಮಾತನ್ನು ಸಂದರ್ಶನವೊಂದರಲ್ಲಿ ಹೇಳಿದ್ದರು. ಅವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ನಾಯಿಯ ನೆರಳಾಗುತ್ತೇನೆ ಎನ್ನುವಷ್ಟು ಕುಸಿದವನಲ್ಲಿ ಹೇಡಿತನವಿರಬಹುದು, ಆದರೆ ಪ್ರೀತಿಯೂ ಇದೆ. ಎರಡನ್ನೂ ಬೇರ್ಪಡಿಸಲಾಗದಂತೆ ಹಾಡಿರುವುದರಿಂದಲೇ 1959ರ ಈ ಮುದ್ರಿಕೆ ಇವತ್ತಿಗೂ ಕೇಳುವವರ ಎದೆಯನ್ನು ಹಿಂಡುತ್ತದೆ.

ಮಟ್ಟಿನ ಬಗ್ಗೆ ಒಂದು ಮಾತು. ಮಳೆಯ ಮುತ್ತುಗಳ ಮಾತು ಬರುವಲ್ಲಿನ ರಾಗದ ಎಳೆಯನ್ನು ಬ್ರೆಲ್ ಹಂಗೇರಿಯ ಸಂಗೀತಕಾರ ಫ್ರಾಂಜ್ ಲಿಸ್ಟ್ ಅವರ 6ನೆಯ ಹಂಗೇರಿಯನ್ ರ‍್ಯಾಪ್ಸೊಡಿಯಿಂದ ಎತ್ತಿಕೊಂಡಿದ್ದಾರೆ. ಲಿಸ್ಟ್ ಕೃತಿಯನ್ನು ಪಿಯಾನೊದಲ್ಲಿ ಕೇಳಿದಾಗ ಆ ಭಾಗಕ್ಕೆ ಒಂದು ದರ್ಪವಿದೆ. ಅದೇ ಎಳೆ ಇಲ್ಲಿ ಕಾಣಿಕೆ ಒಪ್ಪಿಸುವವನ ಬಾಯಿಗೆ ಬಂದು ತಲೆಬಾಗಿದೆ.

ಬ್ರೆಲ್ ಈ ಹಾಡನ್ನು 1972ರಲ್ಲಿ ಬಾರ್ಕ್ಲೇ ಸಂಸ್ಥೆಗಾಗಿ ಮತ್ತೊಮ್ಮೆ ಫ್ರೆಂಚ್‌ನಲ್ಲಿಯೇ ಧ್ವನಿಮುದ್ರಿಸಿದರು. ಅಷ್ಟು ಹೊತ್ತಿಗೆ ಅವರು ಸಂಗೀತ ಪ್ರವಾಸಗಳನ್ನು ಬಿಟ್ಟು ಐದು ವರ್ಷಗಳಾಗಿದ್ದವು. ಧ್ವನಿಯ ಗುಣಮಟ್ಟವನ್ನಷ್ಟೇ ನೋಡುವುದಾದರೆ ಈ ಎರಡನೆಯದು ಹೆಚ್ಚು ಸ್ವಚ್ಛವಾಗಿದೆ, ವಾದ್ಯಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ, ಕಂಠವೂ ಮಾಗಿದೆ. ಆದರೂ ಮೊದಲ ಸಲಕ್ಕೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. 1959ರ ದನಿಗೆ ಅವಳು ನಿಲ್ಲಬಹುದು ಎಂಬ ಆಸೆ ಇನ್ನೂ ಇದೆ. 1972ರ ದನಿಗೆ ಅವಳು ಹೊರಟುಹೋಗಿ ಬಹಳ ಕಾಲವಾಗಿದೆ ಎಂಬುದು ಗೊತ್ತಿದೆ. ಮೊದಲನೆಯದನ್ನು ಹತ್ತು ಸಲ ಕೇಳಿದವರಿಗೆ ಎರಡನೆಯದು ದೊಡ್ಡ ಅನುಭವವಾಗುತ್ತದೆ. ಕ್ರಮ ತಪ್ಪಿದರೆ ಎರಡಕ್ಕೂ ನಷ್ಟ.

ಇನ್ನು ಅನುವಾದಗಳಿಗೆ ಬರುತ್ತೇನೆ. ಪಲ್ಲವಿಯ ಫ್ರೆಂಚ್ ಸಾಲನ್ನು ಹಾಡುವಾಗ ಐದು ಅಕ್ಷರಗಳಾಗುತ್ತವೆ: ನ, ಮ, ಕಿತ್, ತ, ಪಾ. ಪ್ರತಿ ಚರಣದ ಕೊನೆಗೆ ಅದೇ ಸಾಲು ನಾಲ್ಕು ಬಾರಿ ಬರುತ್ತದೆ. ಹೀಗಾಗಿ ಯಾವ ಭಾಷೆಗೆ ತಂದರೂ ಐದೇ ಅಕ್ಷರಗಳಲ್ಲಿ, ಪದೇ ಪದೇ ಹೇಳಿದರೂ ಸವೆಯದ ಒಂದು ಬೇಡಿಕೆಯನ್ನು ಕಂಡುಹಿಡಿಯುವುದು ಅನುವಾದಕನ ಮೊದಲ ಕೆಲಸ. ಸಾಲುಸಾಲಿನ ಚಿತ್ರಗಳು ಆಚೀಚೆಯಾದರೂ ಹಾಡು ಬದುಕಬಲ್ಲದು, ಈ ಐದು ಅಕ್ಷರಗಳು ತಪ್ಪಿದರೆ ಬದುಕಲಾರದು ಎಂಬುದು ಇಷ್ಟು ಮುದ್ರಿಕೆಗಳನ್ನು ಕೇಳಿದ ಮೇಲೆ ನನಗೆ ದೃಢವಾಗಿದೆ.

ಡಚ್ ರೂಪದಲ್ಲಿ ಆ ಸಾಲು ‘ಲಾತ್ ಮ ನೀತ್ ಅಲೇನ್’ ಎಂದಾಗಿದೆ. ಅಂದರೆ ‘ನನ್ನನ್ನು ಒಂಟಿಯಾಗಿ ಬಿಡಬೇಡ’. ಅನುವಾದ ಅರ್ನ್ಸ್ಟ್ ಫಾನ್ ಆಲ್ಟೆನಾ ಅವರದು, ಧ್ವನಿಮುದ್ರಿಕೆ 1961ರದು, ಹಾಡಿದವರು ಸ್ವತಃ ಬ್ರೆಲ್. ಇದರ ಹಿನ್ನೆಲೆ ತಿಳಿದರೆ ಕೇಳುವ ಸುಖ ಹೆಚ್ಚುತ್ತದೆ. ಬ್ರೆಲ್ ಹುಟ್ಟಿದ್ದು ಬ್ರಸೆಲ್ಸ್ ನಗರದ ಸ್ಕಾರ್‌ಬೇಕ್‌ನಲ್ಲಿ, 1929ರಲ್ಲಿ. ತಂದೆಯ ಕಡೆಯವರು ಮೂಲತಃ ಫ್ಲೆಮಿಷ್ ಜನ, ಅಂದರೆ ಬೆಲ್ಜಿಯಂನ ಡಚ್ ಮಾತಿನವರು, ಆದರೆ ಮನೆಯ ಮಾತು ಫ್ರೆಂಚ್. ಅವರು ಈ ಮುದ್ರಿಕೆ ಮಾಡಿದ ಕಾಲದಲ್ಲಿಯೇ ಬೆಲ್ಜಿಯಂ ತನ್ನ ಡಚ್ ಮತ್ತು ಫ್ರೆಂಚ್ ಪ್ರದೇಶಗಳ ನಡುವಣ ಭಾಷಾ ಗಡಿಯ ಬಗ್ಗೆ ಕಾದಾಡುತ್ತಿತ್ತು. 1962ರ ಕಾನೂನಿನಿಂದ ಆ ಗಡಿ ನಿಗದಿಯಾಯಿತು. ಭಾಷಾ ಗಡಿಯ ವ್ಯಾಜ್ಯವನ್ನು ತಲೆಮಾರುಗಳಿಂದ ಕಂಡಿರುವ ನಮಗೆ, ಒಬ್ಬ ಗಾಯಕ ಅಂಥ ಗಡಿಯ ಆಚೆ ನಿಂತು ತನ್ನ ಹಾಡನ್ನು ಆಚೆಯ ಮಾತಿನಲ್ಲಿ ಹಾಡುವುದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಬ್ರೆಲ್ ಅವರ ಡಚ್ ಉಚ್ಚಾರ ಹುಟ್ಟು ಡಚ್ಚರದಲ್ಲ, ಅದು ಕೇಳುವವರಿಗೆ ಗೊತ್ತಾಗುತ್ತದೆ. ಆದರೆ ಅನುವಾದ ನಿಷ್ಠೆಯಿಂದ ಕೂಡಿದೆ. ಮೊದಲ ಚರಣದಲ್ಲಿಯೇ ಜಗಳವನ್ನು ಮರೆತುಬಿಡು ಎಂಬ ಮಾತಿನ ಮುಂದೆ ‘ತು’ ಎಂಬ ಪುಟ್ಟ ಪದವನ್ನು ಅನುವಾದಕರು ಇಟ್ಟಿದ್ದಾರೆ. ಅದಕ್ಕೆ ತನ್ನದೇ ಅರ್ಥವಿಲ್ಲ. ನಾವು ಮುನಿಸಿಕೊಂಡವರನ್ನು ರಮಿಸುವಾಗ ಮಾತಿನ ಕೊನೆಗೆ ‘ಕಣೇ’ ಎಂದು ಸೇರಿಸುತ್ತೇವಲ್ಲ, ಅದರಂತೆ ಅದು ಗಟ್ಟಿ ಮಾತನ್ನು ಮೆದುಮಾಡುತ್ತದೆ. ಮೂಲದಲ್ಲಿ ಇಲ್ಲದ, ಆದರೆ ಮೂಲದ ಮನಸ್ಸಿನಲ್ಲಿದ್ದ ಪದ ಅದು. ನಾನು ಕೇಳಿದ ಅನುವಾದಗಳಲ್ಲೆಲ್ಲ ಇದಕ್ಕೇ ಮೊದಲ ಸ್ಥಾನ.

ಜರ್ಮನ್ ರೂಪವನ್ನು ಬರೆದವರು ಮ್ಯಾಕ್ಸ್ ಕೊಲ್ಪೆಟ್, ಅದನ್ನು ಅರವತ್ತರ ದಶಕದಲ್ಲಿ ಹಾಡಿದವರು ನಟಿ, ಗಾಯಕಿ ಮಾರ್ಲೆನ ಡೀಟ್ರಿಶ್. ಪಲ್ಲವಿ ‘ಬಿಟ್ಟ ಗೇ ನಿಶ್ಟ್ ಫೋರ್ಟ್’, ಅಂದರೆ ‘ದಯವಿಟ್ಟು ಹೊರಟುಹೋಗಬೇಡ’. ಐದು ಅಕ್ಷರಗಳು ಸರಿಯಾಗಿ ಕೂತಿವೆ, ಆದರೆ ಎರಡು ಅಕ್ಷರಗಳನ್ನು ‘ದಯವಿಟ್ಟು’ ಎಂಬ ಪದ ನುಂಗಿದೆ, ‘ನನ್ನನ್ನು’ ಎಂಬುದು ಬಿದ್ದುಹೋಗಿದೆ. ಚರಣವೂ ತಪ್ಪೊಪ್ಪಿಗೆಯಿಂದಲೇ ಆರಂಭವಾಗುತ್ತದೆ: ನಾನೇನು ಮಾಡಿದ್ದರೂ, ಏನು ಆಡಿದ್ದರೂ ನಂಬಬೇಡ, ಜಗಳದಲ್ಲಿ ಬಾಯಿಗೆ ಬಂದದ್ದಕ್ಕೆ ಆಮೇಲೆ ಪಶ್ಚಾತ್ತಾಪ ಪಡುತ್ತೇವೆ ಎಂಬ ಧಾಟಿ. ಮೂಲದಲ್ಲಿ ತಪ್ಪು ಯಾರದೆಂದು ಹೇಳಿಲ್ಲ. ಇಲ್ಲಿ ತಪ್ಪು ಹಾಡುವವಳದೆಂದು ತೀರ್ಮಾನವಾಗಿಬಿಟ್ಟಿರುವುದರಿಂದ ಕೇಳುಗನ ಮುಂದೆ ಒಂದು ನಿರ್ದಿಷ್ಟ ಸಂಸಾರದ ನಿರ್ದಿಷ್ಟ ಜಗಳ ನಿಲ್ಲುತ್ತದೆ. ಅದರಿಂದ ಹಾಡಿನ ಹರಹು ಕಿರಿದಾಗಿದೆ. ಆದರೆ ಅರವತ್ತರ ಆಸುಪಾಸಿನ ವಯಸ್ಸಿನಲ್ಲಿದ್ದ ಡೀಟ್ರಿಶ್ ಹಾಡುವುದಕ್ಕಿಂತ ಹೆಚ್ಚಾಗಿ ಮಾತಿನಂತೆ ಅಂದುಕೊಂಡು ಹೋಗುವ ರೀತಿ ಈ ಸಾಹಿತ್ಯಕ್ಕೆ ಹೊಂದಿಕೊಂಡಿದೆ. ಅವರ ದನಿಯಲ್ಲಿ ಬೇಡಿಕೆಗಿಂತ ದಣಿವು ಹೆಚ್ಚು. ಒಮ್ಮೆ ಕೇಳಲೇಬೇಕಾದ ಮುದ್ರಿಕೆ, ದಿನವೂ ಕೇಳುವಂಥದ್ದಲ್ಲ.

ಇಟಾಲಿಯನ್ನಿನಲ್ಲಿ ಜೀನೊ ಪಾವೊಲಿ ಇದನ್ನು ‘ನೋನ್ ಅಂದಾರೆ ವೀಯಾ’ ಎಂದು ಹಾಡಿದ್ದಾರೆ. ‘ಹೊರಟುಹೋಗಬೇಡ’ ಎಂಬುದೇ ಅರ್ಥ. ಇದು ಅಚ್ಚುಕಟ್ಟಾಗಿದೆ, ಕಂಠ ಮೃದುವಾಗಿದೆ. ಇಟಾಲಿಯನ್ ಭಾಷೆಯ ಹೆಚ್ಚಿನ ಪದಗಳು ಸ್ವರಾಂತ್ಯವಾಗಿರುವುದರಿಂದ ಸಾಲುಗಳು ಒಂದರೊಳಗೊಂದು ಕರಗುತ್ತವೆ, ಫ್ರೆಂಚ್‌ನಲ್ಲಿ ‘ಕಿತ್’ ಎಂಬಲ್ಲಿ ಗಂಟಲು ಒಂದು ಕ್ಷಣ ಕಟ್ಟಿಕೊಳ್ಳುವ ಆ ತಡೆ ಇಲ್ಲಿ ಸಿಗುವುದಿಲ್ಲ. ಅದಕ್ಕಿಂತ ಹೆಚ್ಚಿಗೆ ಹೇಳಬೇಕಾದ ತೊಡಕಾಗಲಿ ವಿಶೇಷವಾಗಲಿ ನನಗೆ ಕಾಣಲಿಲ್ಲ.

ಹೆಚ್ಚು ಮಂದಿ ಬಲ್ಲ ರೂಪ ಇಂಗ್ಲಿಷಿನದು, ನನ್ನ ತಕರಾರು ಹೆಚ್ಚಾಗಿರುವುದೂ ಅದರ ಮೇಲೆಯೇ. ಅಮೆರಿಕದ ಕವಿ ಹಾಗೂ ಗಾಯಕ ರಾಡ್ ಮೆಕ್ಯೂಯೆನ್ ಬರೆದ ‘ಇಫ್ ಯೂ ಗೋ ಅವೇ’ ಧ್ವನಿಮುದ್ರಿಕೆಯಾಗಿ ಹೊರಬಂದದ್ದು 1966ರಲ್ಲಿ, ಡಮೀಟಾ ಜೋ ಅವರ ಕಂಠದಲ್ಲಿ. ಇದೇ ಅನುವಾದಕರು ಬ್ರೆಲ್ ಅವರ ‘ಲ ಮೊರಿಬೋಂ’ ಎಂಬ ಮತ್ತೊಂದು ಹಾಡನ್ನು ‘ಸೀಸನ್ಸ್ ಇನ್ ದಿ ಸನ್’ ಎಂದು ಇಂಗ್ಲಿಷಿಗೆ ತಂದರು. ತೊಂಬತ್ತರ ದಶಕದ ಕೊನೆಯಲ್ಲಿ ವೆಸ್ಟ್‌ಲೈಫ್ ತಂಡದ ಕ್ಯಾಸೆಟ್ ಕೊಂಡ ನಮ್ಮ ಪೀಳಿಗೆಯವರು ಬ್ರೆಲ್ ಎಂಬ ಹೆಸರು ಗೊತ್ತಿಲ್ಲದೆಯೇ ಆ ಹಾಡನ್ನು ಗುನುಗಿದ್ದೇವೆ.

‘ನೀನು ಹೋದರೆ’ ಎಂಬುದೂ ಇಂಗ್ಲಿಷಿನಲ್ಲಿ ಐದೇ ಅಕ್ಷರ, ಮಟ್ಟಿಗೆ ಸೊಗಸಾಗಿ ಹೊಂದುತ್ತದೆ. ಆದರೆ ಮೂಲದ ಬೇಡಿಕೆ ಇಲ್ಲಿ ಷರತ್ತಾಗಿ ಮಾರ್ಪಟ್ಟಿದೆ. ಹೋಗಬೇಡ ಎನ್ನುವವನು ಎದುರಿಗಿದ್ದವಳ ಕಡೆ ತಿರುಗಿದ್ದಾನೆ; ಅವನ ಮಾತಿಗೆ ಅವಳ ಉತ್ತರ ಬೇಕೇಬೇಕು. ನೀನು ಹೋದರೆ ಎನ್ನುವವನು ತನ್ನ ಕಡೆಗೇ ತಿರುಗಿದ್ದಾನೆ. ಅವಳು ಹೋದ ಮೇಲೆ ತನ್ನ ಲೋಕ ಹೇಗಿರುತ್ತದೆ ಎಂದು ವರ್ಣಿಸುವುದು ಅವನ ಕೆಲಸ. ಅದಕ್ಕೆ ತಕ್ಕಂತೆ ಚಿತ್ರಗಳೂ ಬದಲಾಗಿವೆ. ಮಳೆಯಿಲ್ಲದ ನಾಡಿನ ಮುತ್ತು, ಸುಟ್ಟ ಹೊಲದ ಗೋಧಿ ಇವೆಲ್ಲ ಮಾಯವಾಗಿ, ಬೇಸಗೆಯ ದಿನದಿಂದ ಸೂರ್ಯನನ್ನೂ ಕೊಂಡುಹೋದಂತಾಗುತ್ತದೆ ಎಂಬ ಹಳೆಯ ಪರಿಚಯದ ಉಪಮೆಗಳು ಬಂದಿವೆ. ನಡುವೆ ‘ನೀನು ಉಳಿದರೆ’ ಎಂಬ ಇನ್ನೊಂದು ಕವಲೂ ಇದೆ, ಅದು ಮೂಲದಲ್ಲಿಲ್ಲ. ಹೋದರೆ ಹೀಗೆ, ಉಳಿದರೆ ಹೀಗೆ ಎಂದು ಎರಡು ತಟ್ಟೆಗಳ ತಕ್ಕಡಿಯನ್ನು ಅವಳ ಮುಂದೆ ಹಿಡಿದಂತಾಗಿದೆ.

ಕೊನೆಯ ನೆರಳಿನ ಸಾಲುಗಳಲ್ಲಿ ಈ ಬದಲಾವಣೆ ಅತ್ಯಂತ ಸ್ಪಷ್ಟವಾಗುತ್ತದೆ. ಫ್ರೆಂಚ್‌ನಲ್ಲಿ ಅವನು ‘ನೆರಳಾಗಲು ಬಿಡು’ ಎಂದು ಈಗ, ಈ ಕ್ಷಣ ಅಂಗಲಾಚುತ್ತಿದ್ದಾನೆ. ಇಂಗ್ಲಿಷಿನಲ್ಲಿ ಅದು ‘ನಿನ್ನನ್ನು ಉಳಿಸಿಕೊಳ್ಳಬಹುದು ಎಂದಿದ್ದರೆ ನೆರಳೂ ಆಗುತ್ತಿದ್ದೆ’ ಎಂದಾಗಿದೆ. ಆಗಲಿಲ್ಲ, ಆಗಬೇಕಾಗಿಯೂ ಬರಲಿಲ್ಲ. ಮಾನ ಉಳಿಯಿತು. ನನ್ನ ತಾಯಿ ‘ನೆನಪು ಮಾಡ್ಕೋತಿದಾನೆ’ ಎಂದದ್ದು ಇದನ್ನೇ. ಭಾಷೆ ಬೇರೆಯಾದಾಗ ‘ನೀನು’ ಎಂಬ ಏಕವಚನದ ಸಲಿಗೆಯೂ ಹೋಯಿತು. ಫ್ರೆಂಚ್, ಡಚ್, ಜರ್ಮನ್, ಇಟಾಲಿಯನ್ ನಾಲ್ಕರಲ್ಲೂ ನಮ್ಮಲ್ಲಿರುವಂತೆ ನೀನು, ನೀವು ಎಂಬ ಭೇದವಿದೆ, ಇಂದಿನ ಇಂಗ್ಲಿಷಿನಲ್ಲಿ ಅದಿಲ್ಲ. ಆ ನಷ್ಟಕ್ಕೆ ಅನುವಾದಕರನ್ನು ದೂರುವಂತಿಲ್ಲ. ಷರತ್ತಿನ ಆಯ್ಕೆ ಮಾತ್ರ ಅವರದೇ.

ಇಷ್ಟು ಹೇಳಿದ ಮೇಲೂ ಇಂಗ್ಲಿಷ್ ಮುದ್ರಿಕೆಗಳನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ದೊಡ್ಡ ಗಾಯಕರು ಆ ಸಾಹಿತ್ಯದ ಮಿತಿಯನ್ನು ಕಂಠದಿಂದ ದಾಟಲು ಯತ್ನಿಸಿದ್ದಾರೆ. 1967ರಲ್ಲಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಹಾಡಿದ್ದು ನಾನು ಕೇಳಿದ ಇಂಗ್ಲಿಷ್ ರೂಪಗಳಲ್ಲಿ ಅತ್ಯುತ್ತಮ. ‘ಹೋದರೆ’ ಎಂಬ ಪದವನ್ನು ಅವರು ಪ್ರತಿ ಸಲವೂ ಸ್ವಲ್ಪ ಇನ್ನಷ್ಟು ಕೆಳದನಿಯಲ್ಲಿ ಹೇಳುತ್ತ, ಷರತ್ತನ್ನು ಹೆಚ್ಚುಕಡಿಮೆ ಬೇಡಿಕೆಯ ಹತ್ತಿರಕ್ಕೆ ತಂದುಬಿಡುತ್ತಾರೆ. ಸ್ಕಾಟ್ ವಾಕರ್ ಅವರ 1969ರ ‘ಸ್ಕಾಟ್ 3’ ಆಲ್ಬಮ್ ಬ್ರೆಲ್ ಅವರ ಮೂರು ಹಾಡುಗಳಿಂದ ಮುಗಿಯುತ್ತದೆ, ಅವುಗಳಲ್ಲಿ ಕೊನೆಯದು ಇದು. ವಾಕರ್ ಅವರದು ಅಗಲವಾದ, ಆಳವಾದ ಕಂಠ. ಇಡೀ ಆಲ್ಬಮ್ ಕೇಳಿ ಇಲ್ಲಿಗೆ ತಲುಪಿದರೆ ಅದರ ಭಾರ ತಿಳಿಯುತ್ತದೆ, ಇದೊಂದನ್ನೇ ಕಿತ್ತು ಕೇಳಿದರೆ ಸ್ವಲ್ಪ ಅಲಂಕಾರ ಹೆಚ್ಚಾಯಿತು ಎನಿಸುತ್ತದೆ. ಅದೇ ವರ್ಷ ಫ್ರಾಂಕ್ ಸಿನಾಟ್ರಾ ‘ಮೈ ವೇ’ ಆಲ್ಬಮ್‌ನಲ್ಲಿ ಹಾಡಿದ್ದು ಸಂಯಮದಿಂದ ಕೂಡಿದ ಸುಂದರ ಗಾಯನ, ಆದರೆ ಆ ಮನುಷ್ಯ ಯಾರ ಮುಂದೆಯೂ ಮಂಡಿಯೂರಿದವನಲ್ಲ ಎಂಬುದು ಮೊದಲ ಸಾಲಿನಿಂದಲೇ ಗೊತ್ತಾಗುತ್ತದೆ.

ಭಾಷೆ ಬದಲಿಸದೆ ಹಾಡನ್ನು ಬದಲಿಸಿದವರು ನೀನಾ ಸಿಮೋನ್. 1965ರ ‘ಐ ಪುಟ್ ಅ ಸ್ಪೆಲ್ ಆನ್ ಯೂ’ ಆಲ್ಬಮ್‌ನಲ್ಲಿ ಅಮೆರಿಕದ ಈ ಕಪ್ಪು ಗಾಯಕಿ ಇಂಗ್ಲಿಷ್ ಅನುವಾದದ ಆಸರೆಯಿಲ್ಲದೆ ನೇರವಾಗಿ ಫ್ರೆಂಚ್‌ನಲ್ಲಿಯೇ ಹಾಡಿದ್ದಾರೆ. ಅವರ ಉಚ್ಚಾರ ಫ್ರೆಂಚ್ ಜನರದಲ್ಲ, ಕೆಲವು ಪದಗಳು ಎಡವುತ್ತವೆ. ಆದರೆ ತನ್ನದಲ್ಲದ ಭಾಷೆಯಲ್ಲಿ ಬೇಡಿಕೊಳ್ಳುವವರಿಗೆ ಇರುವ ಅಸಹಾಯಕತೆ ಆ ಎಡವಿಕೆಯಿಂದಲೇ ಹಾಡಿಗೆ ಸೇರಿಕೊಂಡಿದೆ. ಊರು ಬಿಟ್ಟು ಬಂದು, ಬಾರದ ಭಾಷೆಯಲ್ಲಿ ಆಸ್ಪತ್ರೆಯಲ್ಲೋ ಕಚೇರಿಯಲ್ಲೋ ಒಂದು ಮುಖ್ಯವಾದ ಮಾತನ್ನು ಹೇಳಲು ಒದ್ದಾಡಿದ ಅನುಭವ ಯಾರಿಗಿದೆಯೋ ಅವರಿಗೆ ಈ ಮುದ್ರಿಕೆ ವಿಶೇಷವಾಗಿ ತಾಗುತ್ತದೆ. ಬ್ರೆಜಿಲ್‌ನ ಮಾಯ್ಸಾ ಕೂಡ ಫ್ರೆಂಚ್‌ನಲ್ಲಿಯೇ ಹಾಡಿದ್ದಾರೆ. ಸ್ಪೇನಿನ ನಿರ್ದೇಶಕ ಪೆಡ್ರೊ ಅಲ್ಮೊಡೋವಾರ್ ತಮ್ಮ 1987ರ ಚಿತ್ರವೊಂದರಲ್ಲಿ ಆ ಮುದ್ರಿಕೆಯನ್ನು ಬಳಸಿದ್ದಾರೆ. ಅದು ಸಿಮೋನ್ ಅವರಷ್ಟು ಆಳಕ್ಕೆ ಇಳಿಯುವುದಿಲ್ಲ.

ಕೇಳುವ ಸೌಕರ್ಯದ ಬಗ್ಗೆ ಒಂದು ದೂರು ಇದೆ. ನಾನು ತಿಂಗಳ ಚಂದಾ ಕಟ್ಟಿ ಬಳಸುವ ಸಂಗೀತ ಸೇವೆಯಲ್ಲಿ 1959ರ ಮುದ್ರಿಕೆಯೂ 1972ರದೂ ಒಂದೇ ಹೆಸರಿನಲ್ಲಿ, ಹಲವು ಸಂಕಲನಗಳಲ್ಲಿ ಬೆರೆತುಹೋಗಿವೆ. ಎಷ್ಟೋ ಕಡೆ ಕಾಣುವ ವರ್ಷ ಸಂಕಲನದ್ದು, ಧ್ವನಿಮುದ್ರಣದ್ದಲ್ಲ. ಇದಕ್ಕಿಂತ ಬೇಸರದ ಸಂಗತಿಯೆಂದರೆ ಅನುವಾದಕರ ಹೆಸರೇ ಇಲ್ಲದಿರುವುದು. ಡಚ್ ಹಾಡಿನ ಕೆಳಗೆ ಬ್ರೆಲ್ ಎಂದಷ್ಟೇ ಇದ್ದು ಫಾನ್ ಆಲ್ಟೆನಾ ಕಾಣದಿದ್ದಾಗ, ಆ ‘ತು’ ಎಂಬ ಪದವನ್ನು ಹುಡುಕಿ ತಂದವರಿಗೆ ಅನ್ಯಾಯವಾಯಿತು ಎನಿಸಿತು. ಎರಡು ಬಾರಿ ಬರೆದು ತಿಳಿಸಿದೆ, ಉತ್ತರ ಬರಲಿಲ್ಲ. ಆದ್ದರಿಂದ ಸಾಧ್ಯವಿದ್ದವರು ಮೂಲ ಆಲ್ಬಮ್‌ಗಳನ್ನೇ ಹುಡುಕಿ ಕೊಳ್ಳುವುದು ಒಳ್ಳೆಯದು. ಒಂದನ್ನೇ ಕೊಳ್ಳುವಷ್ಟು ಹಣವಿದ್ದರೆ 1959ರ ಬ್ರೆಲ್, ಎರಡಕ್ಕಿದ್ದರೆ ಜೊತೆಗೆ ನೀನಾ ಸಿಮೋನ್. ಡಚ್ ಮುದ್ರಿಕೆ ಸಿಕ್ಕಿದರೆ ಬಿಡಬೇಡಿ. ಆ ಭಾಷೆ ತಿಳಿಯದಿದ್ದರೂ ಫ್ರೆಂಚ್ ಹಾಡನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೇಳಿದರೆ ಸಾಲುಸಾಲೂ ಹೊಂದಿಕೊಂಡು ಹೋಗುತ್ತದೆ.

ಇಷ್ಟು ಭಾಷೆಗಳಲ್ಲಿ ಕೇಳಿದ ಮೇಲೆ ಕನ್ನಡದಲ್ಲಿ ಇದು ಹೇಗಾಗುತ್ತಿತ್ತು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮಟ್ಟನ್ನೂ ಬೇಡಿಕೆಯನ್ನೂ ಕಾಪಾಡಿಕೊಂಡು ಹೊರಗಿನ ಹಾಡನ್ನು ತರುವುದು ನಮಗೆ ಹೊಸದಲ್ಲ. ಬಿ.ಎಂ. ಶ್ರೀಕಂಠಯ್ಯನವರು ನ್ಯೂಮನ್ ಬರೆದ ಇಂಗ್ಲಿಷ್ ಪ್ರಾರ್ಥನೆಯನ್ನು ‘ಕರುಣಾಳು ಬಾ ಬೆಳಕೆ’ ಎಂದು ಕನ್ನಡಕ್ಕೆ ತಂದಾಗ, ಮೂಲದ ‘ನಡೆಸು’ ಎಂಬ ಮೊರೆಯನ್ನು ವರ್ಣನೆಯಾಗಲು ಬಿಡಲಿಲ್ಲ. ಮೊರೆಯನ್ನು ಮೊರೆಯಾಗಿಯೇ ಇಟ್ಟು, ‘ಬಾ’ ಎಂಬ ಇನ್ನೊಂದು ಕರೆಯನ್ನೂ ಸೇರಿಸಿದರು. ಅದು ಅನುವಾದವೆಂದು ತಿಳಿಯದೆಯೇ ಶಾಲೆಯ ಅಂಗಳಗಳಲ್ಲಿ ಹಾಡಿದ ಮಕ್ಕಳು ಎಷ್ಟೋ ಮಂದಿ, ನಾನೂ ಅವರಲ್ಲೊಬ್ಬ.

ನಮ್ಮ ಭಾಷೆಗೆ ಇಲ್ಲಿ ಎರಡು ಅನುಕೂಲಗಳಿವೆ. ‘ಹೋಗಬೇಡ’ ಎಂದಾಗ ಅದರೊಳಗಿನ ‘ಬೇಡ’ದಲ್ಲಿ ಬೇಡಿಕೊಳ್ಳುವ ‘ಬೇಡು’ವಿನ ದನಿಯೂ ಕಿವಿಗೆ ಬೀಳುತ್ತದೆ, ಬೇರೆ ಭಾಷೆಯ ಅನುವಾದಕರು ಪ್ರತ್ಯೇಕ ಪದ ಹಾಕಿ ತರಬೇಕಾದ ಅಂಗಲಾಚಿಕೆ ನಮ್ಮಲ್ಲಿ ನಿಷೇಧದ ರೂಪದಲ್ಲಿಯೇ ಕೇಳಿಸುತ್ತದೆ. ಎರಡನೆಯದು ‘ಬಿಡು’ ಎಂಬ ಧಾತು. ತೊರೆದು ಹೋಗುವುದಕ್ಕೂ ಅವಕಾಶ ಕೊಡುವುದಕ್ಕೂ ನಾವು ಅದನ್ನೇ ಬಳಸುತ್ತೇವೆ. ಡಚ್ಚಿನ ‘ಲಾತನ್’ ಎಂಬ ಕ್ರಿಯಾಪದಕ್ಕೂ ಈ ಎರಡು ಅರ್ಥಗಳಿವೆ. ಪಲ್ಲವಿಯಲ್ಲಿ ‘ಬಿಡಬೇಡ’ ಎಂದು ಹಾಡುತ್ತ ಬಂದವನು ಕೊನೆಯಲ್ಲಿ ‘ನಿನ್ನ ನೆರಳಿನ ನೆರಳಾಗಲು ಬಿಡು’ ಎಂದರೆ, ಅದೇ ಧಾತು ತಿರುಗಿ ನಿಂತು ಅವನನ್ನೇ ಚುಚ್ಚುತ್ತದೆ. ಫ್ರೆಂಚ್ ಮೂಲದಲ್ಲಿ ಈ ಎರಡು ಜಾಗಗಳಿಗೆ ಬೇರೆ ಬೇರೆ ಕ್ರಿಯಾಪದಗಳಿವೆ.

ಆದರೆ ಐದು ಅಕ್ಷರಗಳ ಲೆಕ್ಕ ನನ್ನನ್ನು ಇನ್ನೂ ಕಾಡಿಸುತ್ತಿದೆ. ‘ಬಿಟ್ಟು ಹೋಗಬೇಡ’ ಎಂದರೆ ಆರಾಗುತ್ತದೆ. ‘ಹೋಗಬೇಡ ನೀ’ ಎಂದರೆ ಐದು, ಮಾತೂ ಸಹಜ, ಆದರೆ ಜರ್ಮನ್ ಮತ್ತು ಇಟಾಲಿಯನ್ ರೂಪಗಳಲ್ಲಿ ಆದಂತೆ ‘ನನ್ನನ್ನು’ ಬಿದ್ದುಹೋಗುತ್ತದೆ. ‘ತೊರೆಯದಿರು’ ಎಂಬುದರಲ್ಲಿ ಐದಿದ್ದರೂ ಅದು ಪುಸ್ತಕದ ಮಾತು, ಹೊರಟು ನಿಂತವಳ ಸೆರಗು ಹಿಡಿದವನ ಬಾಯಲ್ಲಿ ಬರುವಂಥದ್ದಲ್ಲ. ‘ಬಿಡಬೇಡೆನ್ನ’ ಎಂದಾಗ ಐದೂ ಸರಿಹೋಗುತ್ತದೆ, ‘ನನ್ನನ್ನು’ ಉಳಿಯುತ್ತದೆ, ಕೊನೆಯ ಸ್ವರವೂ ಫ್ರೆಂಚಿನಂತೆ ತೆರೆದ ಅಕಾರವಾಗಿ ಉಸಿರಿನಲ್ಲಿ ಕರಗಬಲ್ಲದು. ಕಿವಿಗೆ ಬಿದ್ದೊಡನೆ ಮಾತ್ರ ಅದು ಹರಿದಾಸರ ಪದದಂತೆ ಕೇಳಿಸುತ್ತದೆ. ಎದುರಿಗಿರುವವಳು ದೇವರಾಗಿಬಿಡುತ್ತಾಳೆ, ಬೇಡುವವನು ಭಕ್ತನಾಗಿಬಿಡುತ್ತಾನೆ. ಬ್ರೆಲ್ ಹಾಡಿನ ಗಂಡಸು ಭಕ್ತನಲ್ಲ, ಅವನು ಬಾಗಿಲಿಗೆ ಅಡ್ಡ ನಿಂತ ಸಾಮಾನ್ಯ ಮನುಷ್ಯ. ಅವನ ಬಾಯಿಗೆ ಹೊಂದುವ ಐದು ಅಕ್ಷರಗಳಿಗಾಗಿ ನಾನು 1959ರ ಆ ಮುದ್ರಿಕೆಯನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳುತ್ತಿದ್ದೇನೆ.